ಬಗ್ ನಂಬರನ್ನು ಬಿಟ್ಟು ಬರಬೇಡಿ

ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡುವ ಹುಡುಗರು ನನ್ನ ಹತ್ತಿರ ಬಂದು ಕೇಳುವುದು ಒಂದೇ. ‘ಸರ್, ಬಗ್ ಟ್ರ್ಯಾಕರ್ ಯಾವುದು ಹಾಕೋಣ? ಬಗ್‌ಜಿಲ್ಲಾನಾ, ರೆಡ್‌ಮೈನಾ, ಗಿಟ್‌ಹಬ್ ಸಾಕಾ?’ ಬಗ್ ಅಂದರೆ ಸಾಫ್ಟ್‌ವೇರಿನ ದೋಷ, ಪ್ರತಿ ದೋಷಕ್ಕೂ ನಂಬರ್ ಕೊಟ್ಟು ಬರೆದಿಡುವ ಜಾಗ ಬಗ್ ಟ್ರ್ಯಾಕರ್. ಯಾವುದರಲ್ಲಿ ಲೇಬಲ್ ಜಾಸ್ತಿ, ಯಾವುದರ ಬೋರ್ಡ್ ಚೆನ್ನಾಗಿದೆ ಅಂತ ಪಟ್ಟಿಯೂ ಮಾಡಿರುತ್ತಾರೆ. ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಇರುವುದಿಲ್ಲ. ನಾಳೆ ಇಲ್ಲಿಂದ ಹೊರಟರೆ ಹಳೆಯ ಬಗ್‌ಗಳನ್ನು ನಂಬರ್ ಸಮೇತ ಒಯ್ಯಬಹುದಾ?

‘ಕೋಡ್ ಗಿಟ್‌ನಲ್ಲಿದೆಯಲ್ಲ ಸರ್, ಎಲ್ಲಾ ಬರುತ್ತೆ’ ಅನ್ನುತ್ತಾರೆ. ಬರುವುದಿಲ್ಲ. ಗಿಟ್ ಇಟ್ಟುಕೊಳ್ಳುವುದು ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸವನ್ನು. ರೆಪೊ, ಅಂದರೆ ಕೋಡ್ ಇಟ್ಟಿರುವ ಜಾಗವನ್ನು, ಕ್ಲೋನ್ (ನಕಲು) ಮಾಡಿದರೆ ಕೋಡ್ ಬರುತ್ತದೆ, ಕಮಿಟ್‌ಗಳೂ (ದಾಖಲಾದ ಬದಲಾವಣೆಗಳೂ) ಬರುತ್ತವೆ. ಗಿಟ್‌ಹಬ್‌ನಂಥ ಕಡೆ ಇಶ್ಯೂಗಳು, ಅಂದರೆ ಬಗ್ ದೂರುಗಳು, ಗಿಟ್‌ನೊಳಗೆ ಇಲ್ಲವೇ ಇಲ್ಲ, ಸೈಟಿನ ಡೇಟಾಬೇಸ್‌ನಲ್ಲಿರುತ್ತವೆ. ‘ಬಗ್ 212 ಸರಿಮಾಡಿದೆ’ ಅನ್ನುವ ಕಮಿಟ್ ಸಂದೇಶ ನಿಮ್ಮ ಜೊತೆ ಬರುತ್ತದೆ. 212 ಅಂದರೆ ಏನು ಅನ್ನುವುದು ಅಲ್ಲೇ ಉಳಿಯುತ್ತದೆ.

ಕನ್ನಡ ಬರಹ ಶುದ್ಧ ಮಾಡುವ ಸಣ್ಣ ಟೂಲ್ ಒಂದರಲ್ಲಿ ನಮಗೇ ಹೀಗಾಯಿತು. ಕೋಡ್‌ನಲ್ಲಿ ‘ಈ ಸಾಲು ತೆಗೆಯಬೇಡಿ, ಬಗ್ 212 ನೋಡಿ’ ಅಂತ ಬರೆದಿತ್ತು. ಟ್ರ್ಯಾಕರ್ ಬದಲಾಯಿಸಿ ಹಳೆಯದನ್ನು ಮುಚ್ಚಿದ್ದೆವು. ಹೊಸದಾಗಿ ಸೇರಿದ ಹುಡುಗಿ, ತುಂಬಾ ಚುರುಕು, 212 ಹುಡುಕಿದಳು. ಹೊಸ ಟ್ರ್ಯಾಕರ್‌ನಲ್ಲಿ ಅದು ಐಕಾನ್ ಬಣ್ಣದ ದೂರು. ಸಂಬಂಧವಿಲ್ಲ ಅಂತ ಸಾಲನ್ನು ತೆಗೆದಳು. ಅಕ್ಷರಗಳು ಕೂಡುವ ರೂಪವನ್ನು ಬದಲಿಸುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಅನ್ನುವ ಚಿಹ್ನೆಯನ್ನು ಕಾಪಾಡುತ್ತಿದ್ದದ್ದು ಅದೇ ಸಾಲು. ‘ರ‍್ಯಾಂಕ್’ ಎಲ್ಲ ಕಡೆ ಅರ್ಕಾವತ್ತು ಹೊತ್ತು ‘ರ್ಯಾಂಕ್’ ಆಯಿತು. ಪಾಪ, ಅವಳದೇನೂ ತಪ್ಪಿರಲಿಲ್ಲ.

ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು 2014ರಲ್ಲಿ ಬಗ್‌ಜಿಲ್ಲಾ ಬಿಟ್ಟು ಫ್ಯಾಬ್ರಿಕೇಟರ್ ಅನ್ನುವ ಟ್ರ್ಯಾಕರ್‌ಗೆ ಹೋದಾಗ ಹಳೆಯ ನಂಬರಿಗೆ 2000 ಕೂಡಿಸಿದರು. ಅವರ ಬಗ್ 212 ಅಲ್ಲಿ ಟಿ2212 ಆಯಿತು. ಯಾರು ಬೇಕಾದರೂ ಬಾಯಲ್ಲೇ ಲೆಕ್ಕ ಹಾಕಬಹುದು, ಅಲ್ವಾ? ಅಂಥ ಫ್ಯಾಬ್ರಿಕೇಟರ್ ಅನ್ನೂ ಅದನ್ನು ಕಟ್ಟಿದ ಕಂಪನಿ 2021ರಲ್ಲಿ ಕೈಬಿಟ್ಟಿತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರು 2022ರಲ್ಲಿ ಗಿಟ್‌ಹಬ್‌ಗೆ ಬಂದರೂ ಹಳೆಯ ಟ್ರ್ಯಾಕರನ್ನು ಓದುವುದಕ್ಕೆ ಹಾಗೇ ಉಳಿಸಿಕೊಂಡರು.

ಐದಾರು ಜನರ ಪ್ರಾಜೆಕ್ಟಿಗೆ ಕೋಡ್ ಇರುವ ಕಡೆಯ ಇಶ್ಯೂ ಪುಟವೇ ಸಾಕು ಅನ್ನಿಸುತ್ತದೆ. ಭದ್ರತೆಯ ಬಗ್‌ಗಳನ್ನು ಗುಟ್ಟಾಗಿಡಬೇಕಾದರೆ ಮಾತು ಬೇರೆ. ಯಾವುದೇ ಆಗಲಿ, ಮೊದಲ ದಿನವೇ ಸುಮ್ನೆ ಹತ್ತು ಬಗ್ ಹಾಕಿ, ಸ್ಕ್ರೀನ್‌ಶಾಟ್ ಸೇರಿಸಿ, ಎಕ್ಸ್‌ಪೋರ್ಟ್ ಮಾಡಿ ನೋಡಿ. ಎಷ್ಟೋ ಸಲ ಚಿತ್ರ ಬಂದಿರುವುದಿಲ್ಲ, ಬರೀ ಲಿಂಕ್ ಇರುತ್ತದೆ. ಕಮಿಟ್‌ನಲ್ಲಿ ನಂಬರಿನ ಜೊತೆ ಕಾರಣವನ್ನೂ ಬರೆಯಿರಿ. ನಮ್ಮ ಟೂಲ್‌ನ ಆ ಸಾಲಿನ ಪಕ್ಕದಲ್ಲಿ ಈಗ ಹೀಗಿದೆ: ‘ಬಗ್ 212. ತೆಗೆದರೆ ರ‍್ಯಾಂಕ್ ಕೆಡುತ್ತದೆ.’