ಸೇನಾ ಕ್ಷಿಪ್ರಕ್ರಾಂತಿ ಅಂದರೆ ಏನು? ಸಿಯೋಲ್‌ನ ಒಂದು ರಾತ್ರಿ ನೋಡಿ

ಸೇನೆಯೊಳಗಿನ ಒಂದು ಗುಂಪು ಕಾನೂನು, ಸಂವಿಧಾನ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಬಲವಂತವಾಗಿ ಅಧಿಕಾರ ಕಿತ್ತುಕೊಂಡರೆ ಅದೇ ಸೇನಾ ಕ್ಷಿಪ್ರಕ್ರಾಂತಿ. ಇಡೀ ಸೇನೆ ಇದರಲ್ಲಿ ಇರಬೇಕು ಅಂತೇನಿಲ್ಲ. ಸರಿಯಾದ ಜಾಗಗಳಲ್ಲಿ ಕೂತ ಕೆಲವು ಅಧಿಕಾರಿಗಳು ಸಾಕು. ಜನ ಬೀದಿಗಿಳಿದು ಸರ್ಕಾರ ಉರುಳಿಸುವುದೇ ಬೇರೆ, ಇಲ್ಲಿ ಎಷ್ಟೋ ಸಲ ಜನಕ್ಕೆ ವಿಷಯ ಗೊತ್ತಾಗುವುದೇ ಬೆಳಗ್ಗೆ ಎದ್ದ ಮೇಲೆ.

ಇದು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ‘12.12: ದಿ ಡೇ’ ಅನ್ನೋ ಕೊರಿಯನ್ ಸಿನಿಮಾ ನೋಡಿ. 2023ರಲ್ಲಿ ಬಂದದ್ದು, ನಿರ್ದೇಶಕ ಕಿಮ್ ಸಂಗ್-ಸು. ಪಾತ್ರಗಳ ಹೆಸರು ಬದಲಾಯಿಸಿದ್ದಾರೆ, ಕೆಲವು ದೃಶ್ಯ ಕಲ್ಪನೆ. ಆದರೆ ಬೆನ್ನೆಲುಬು ನಿಜ ಘಟನೆಯದ್ದೇ.

1979ರ ಅಕ್ಟೋಬರ್ 26ರಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರನ್ನು ಅವರದೇ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಗುಂಡಿಟ್ಟು ಕೊಂದ. ತನಿಖೆಯ ಹೊಣೆ ಸೇನಾ ಭದ್ರತಾ ವಿಭಾಗದ ಮುಖ್ಯಸ್ಥ ಚುನ್ ಡೂ-ಹ್ವಾನ್ ಕೈಗೆ ಬಂತು. ಡಿಸೆಂಬರ್ 12ರ ಸಂಜೆ ಅದೇ ತನಿಖೆಯ ನೆಪದಲ್ಲಿ ಆತ ತನ್ನ ಮೇಲಧಿಕಾರಿಯಾದ ಭೂಸೇನಾ ಮುಖ್ಯಸ್ಥರನ್ನೇ ಬಂಧಿಸಿಬಿಟ್ಟ, ಅದೂ ಹೊಸ ಅಧ್ಯಕ್ಷರ ಒಪ್ಪಿಗೆ ಇಲ್ಲದೆ. ಬೆನ್ನಿಗೆ ನಿಂತದ್ದು ‘ಹನಾಹ್ವೆ’ ಅನ್ನೋ ರಹಸ್ಯ ಕೂಟ, ಮಿಲಿಟರಿ ಅಕಾಡೆಮಿಯಲ್ಲಿ ಓದಿ ಬಂದ ಅಧಿಕಾರಿಗಳದ್ದು.

ಆಮೇಲಿನದ್ದೆಲ್ಲ ಫೋನಿನ ಮೇಲೆ ನಡೆದ ಯುದ್ಧ ಅಂದರೂ ತಪ್ಪಿಲ್ಲ. ರಾಜಧಾನಿಯ ಕಾವಲು ಪಡೆಯ ಮುಖ್ಯಸ್ಥ ಜಾಂಗ್ ತೇ-ವಾನ್ ಪಡೆ ಕಳಿಸಿ ಅಂತ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದರು. ಆ ಮಾತನ್ನೆಲ್ಲ ಚುನ್ ಕಡೆಯವರು ಕದ್ದು ಕೇಳುತ್ತಿದ್ದರು, ಏಕೆಂದರೆ ಸೇನೆಯ ಫೋನ್ ಲೈನುಗಳ ಮೇಲೆ ಹಿಡಿತ ಇದ್ದದ್ದೇ ಭದ್ರತಾ ವಿಭಾಗಕ್ಕೆ. ನನಗೆ ತುಂಬಾ ಸಂಕಟವಾಗುವುದು ವಿಶೇಷ ಪಡೆಯ 9ನೇ ಬ್ರಿಗೇಡ್ ಕಥೆ ನೆನೆದರೆ. ಅದು ಸರ್ಕಾರದ ಪರವಾಗಿ ಸಿಯೋಲ್ ಕಡೆ ಹೊರಟೇಬಿಟ್ಟಿತ್ತು. ‘ಎರಡೂ ಕಡೆಯವರು ಪಡೆ ವಾಪಸ್ ಕರೆಸೋಣ’ ಅನ್ನೋ ಚುನ್ ಕಡೆಯವರ ಮಾತು ನಂಬಿ ಸರ್ಕಾರದ ಕಡೆಯ ಅಧಿಕಾರಿಗಳು ಅದನ್ನು ಅರ್ಧದಾರಿಯಿಂದ ಹಿಂದಕ್ಕೆ ಕರೆಸಿದರು. ಬಂಡಾಯಗಾರರ 1ನೇ ಬ್ರಿಗೇಡ್ ಮಾತ್ರ ನಿಲ್ಲದೆ ನುಗ್ಗಿ ರಕ್ಷಣಾ ಸಚಿವಾಲಯ ಹಿಡಿದುಕೊಂಡಿತು. ಅಲ್ಲಿಗೆ ಆಟ ಮುಗಿದಂತೆಯೇ ಅಲ್ವಾ?

ತನ್ನ ಮೇಲಧಿಕಾರಿಯಾದ ವಿಶೇಷ ಪಡೆಯ ಕಮಾಂಡರ್‌ನನ್ನು ಬಂಡಾಯಗಾರರಿಂದ ಕಾಯಲು ಒಂಟಿಯಾಗಿ ನಿಂತ ಮೇಜರ್ ಕಿಮ್ ಓ-ರಾಂಗ್ ಆ ರಾತ್ರಿ ಗುಂಡೇಟಿಗೆ ಸತ್ತರು. ಅಂಥವರ ಹೆಸರು ಮರೆಯಬಾರದು.

ಗೆದ್ದ ಮೇಲೂ ಚುನ್ ಕಡೆಯವರಿಗೆ ಭೂಸೇನಾ ಮುಖ್ಯಸ್ಥರ ಬಂಧನಕ್ಕೆ ಅಧ್ಯಕ್ಷರ ಒಂದು ಸಹಿ ಬೇಕಿತ್ತು. ಕಾಗದದಲ್ಲಿ ಎಲ್ಲ ಕಾನೂನುಬದ್ಧವಾಗಿ ಕಾಣಬೇಕಲ್ಲ. ಹಂಗಾಮಿಯಾಗಿ ಬಂದು ಆಗತಾನೇ ಅಧ್ಯಕ್ಷರಾಗಿದ್ದ ಚೋಯ್ ಕ್ಯು-ಹಾ ಬೆಳಗಿನ ಜಾವ ಸಹಿ ಹಾಕಿದರು. ಆದರೆ ಪಕ್ಕದಲ್ಲೇ ತಾರೀಖು, ಸಮಯ ಎರಡನ್ನೂ ಬರೆದರು: ಡಿಸೆಂಬರ್ 13, ಬೆಳಗ್ಗೆ 5.10. ಬಂಧನ ಮೊದಲು, ಒಪ್ಪಿಗೆ ಆಮೇಲೆ ಅನ್ನೋದಕ್ಕೆ ಸಾಕ್ಷಿ ಅಲ್ಲೇ ಉಳಿಯಿತು.

ಮುಂದಿನ ಮೇ ತಿಂಗಳಲ್ಲಿ ಗ್ವಾಂಗ್ಜು ಊರಿನಲ್ಲಿ ಪ್ರಜಾಪ್ರಭುತ್ವ ಕೇಳಿದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸೆಪ್ಟೆಂಬರ್‌ನಲ್ಲಿ ಚುನ್ ಅಧ್ಯಕ್ಷನಾದ. 1996ರಲ್ಲಿ ಕೋರ್ಟು ಅವನಿಗೆ ಮರಣದಂಡನೆ ಕೊಟ್ಟಿತು, ಅದು ಜೀವಾವಧಿಗೆ ಇಳಿಯಿತು, 1997ರ ಡಿಸೆಂಬರ್‌ನಲ್ಲಿ ಕ್ಷಮಾದಾನವೂ ಸಿಕ್ಕಿತು.