ಒಂದು ಸಾಲಿನ ಉತ್ತರ, ಕೈತಪ್ಪಿದ ಬಂಡೆ: ಪೆದ್ರಾ ಬ್ರಾಂಕಾ ವಿವಾದ

ಸಿಂಗಪುರ ಜಲಸಂಧಿಗೆ ಪೂರ್ವದಿಂದ ಬರುವ ಹಡಗುಗಳ ದಾರಿಯಲ್ಲಿರುವ ಪೆದ್ರಾ ಬ್ರಾಂಕಾ 137 ಮೀಟರ್ ಉದ್ದ, ಸರಾಸರಿ 60 ಮೀಟರ್ ಅಗಲದ ಗ್ರಾನೈಟ್ ಬಂಡೆ. ಮಲೇಷ್ಯಾದ ಜೊಹೋರ್ ಕರಾವಳಿ ಅಲ್ಲಿಂದ 7.7 ನಾಟಿಕಲ್ ಮೈಲಿ, ಸಿಂಗಪುರ 24 ಮೈಲಿ. ಆದರೂ ಬಂಡೆ ಸಿಂಗಪುರದ್ದು. ಹತ್ತಿರವಿದೆ ಎಂಬ ಕಾರಣಕ್ಕೇ ದ್ವೀಪ ಯಾರದೂ ಆಗುವುದಿಲ್ಲ. ಅಮೆರಿಕ–ನೆದರ್‌ಲ್ಯಾಂಡ್ಸ್ ನಡುವಿನ ಪಾಲ್ಮಾಸ್ ದ್ವೀಪ ವಿವಾದದ 1928ರ ತೀರ್ಪಿನಲ್ಲೇ ಮಧ್ಯಸ್ಥಗಾರ ಮ್ಯಾಕ್ಸ್ ಹ್ಯೂಬರ್ ಇದನ್ನು ಹೇಳಿದ್ದರು. ಅಲ್ಲಿ ಆಡಳಿತ ನಡೆಸಿದವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಬ್ರಿಟಿಷರು 1850–51ರಲ್ಲಿ ಇಲ್ಲಿ ಹಾರ್ಸ್‌ಬರ್ಗ್ ದೀಪಸ್ತಂಭ ಕಟ್ಟಿದರು. ಆಗ ಬಂಡೆ ಯಾರಿಗೂ ಸೇರಿರಲಿಲ್ಲ ಎಂಬ ಸಿಂಗಪುರದ ವಾದವನ್ನು ಅಂತಾರಾಷ್ಟ್ರೀಯ ನ್ಯಾಯಾಲಯ ಒಪ್ಪಲಿಲ್ಲ. ಮೂಲ ಹಕ್ಕು ಜೊಹೋರ್ ಸುಲ್ತಾನರದ್ದೇ. ಹಾಗಿದ್ದೂ ಅದು ಕೈತಪ್ಪಿದ್ದು ಹೇಗೆ?

1953ರ ಜೂನ್ 12ರಂದು ಸಿಂಗಪುರದ ವಸಾಹತು ಸರ್ಕಾರ, ತನ್ನ ಜಲಗಡಿ ಗುರುತಿಸುವ ಸಲುವಾಗಿ, ಬಂಡೆಯ ಸ್ಥಾನಮಾನವೇನೆಂದು ಜೊಹೋರನ್ನು ಕೇಳಿತು. ಗುತ್ತಿಗೆಗೆ ಕೊಟ್ಟಿದ್ದಿರಾ, ಬಿಟ್ಟುಕೊಟ್ಟಿದ್ದಿರಾ? ಸೆಪ್ಟೆಂಬರ್ 21ರಂದು ಜೊಹೋರಿನ ಹಂಗಾಮಿ ಕಾರ್ಯದರ್ಶಿ ಬರೆದರು: ಜೊಹೋರ್ ಸರ್ಕಾರ ಪೆದ್ರಾ ಬ್ರಾಂಕಾದ ಒಡೆತನ ಕೇಳುವುದಿಲ್ಲ. ಒಡೆತನ ಬೇರೆ, ಸಾರ್ವಭೌಮತ್ವ ಬೇರೆ ಎಂದು ಮಲೇಷ್ಯಾ ಮುಂದೆ ವಾದಿಸಿತು. ಆ ಅಧಿಕಾರಿಗೆ ಹಾಗೆ ಬರೆಯುವ ಅಧಿಕಾರವಿರಲಿಲ್ಲ ಎಂದೂ ಹೇಳಿತು. ಎರಡೂ ನಿಲ್ಲಲಿಲ್ಲ.

ನನ್ನ ದೃಷ್ಟಿಯಲ್ಲಿ ಪತ್ರಕ್ಕಿಂತ ಹೆಚ್ಚು ಹಾನಿ ಮಾಡಿದ್ದು ನಂತರದ ಮೌನ. ದೀಪಸ್ತಂಭ ನಡೆಸಿದ ಮಾತ್ರಕ್ಕೆ ನೆಲ ಸಿಗದು. ಜೊಹೋರಿಗೆ ಸೇರಿದ ಪುಲಾವ್ ಪಿಸಾಂಗ್ ದ್ವೀಪದಲ್ಲೂ ದೀಪಸ್ತಂಭ ನೋಡಿಕೊಳ್ಳುವುದು ಸಿಂಗಪುರವೇ. ಅಲ್ಲಿ ಹಾರುತ್ತಿದ್ದ ಸಿಂಗಪುರದ ಬಾವುಟಕ್ಕೆ 1968ರಲ್ಲಿ ಮಲೇಷ್ಯಾ ಆಕ್ಷೇಪಿಸಿತು, ಅದು ಇಳಿಯಿತು. ಪೆದ್ರಾ ಬ್ರಾಂಕಾದ ಬಾವುಟದ ಬಗ್ಗೆ ಅಂಥ ಮಾತೇ ಬರಲಿಲ್ಲ. ಸುತ್ತಲಿನ ಹಡಗು ಅಪಘಾತಗಳ ತನಿಖೆ ಸಿಂಗಪುರದ್ದು. ಬಂಡೆಗೆ ಹೋಗಲು ಮಲೇಷ್ಯಾದ ಅಧಿಕಾರಿಗಳೂ ಅದರ ಅನುಮತಿ ಪಡೆಯಬೇಕಿತ್ತು. ಮಲೇಷ್ಯಾದ್ದೇ 1962–75ರ ನಕ್ಷೆಗಳು ಬಂಡೆಯ ಹೆಸರಿನ ಕೆಳಗೆ ‘ಸಿಂಗಪುರ’ ಎಂದು ಮುದ್ರಿಸಿದ್ದವು.

1979ರ ಡಿಸೆಂಬರ್ 21ರ ನಕ್ಷೆಯಲ್ಲಿ ಮಲೇಷ್ಯಾ ಬಂಡೆಯನ್ನು ತನ್ನದೆಂದು ತೋರಿಸಿತು. 1980ರ ಫೆಬ್ರವರಿ 14ರಂದು ಸಿಂಗಪುರ ಪ್ರತಿಭಟಿಸಿತು. ವಿವಾದ ಗಟ್ಟಿಯಾದ ದಿನ ಅದೇ. ಅಂಥ ದಿನದ ನಂತರ ಹಕ್ಕು ಬಲಪಡಿಸಲೆಂದೇ ಮಾಡಿದ ಕೆಲಸಗಳಿಗೆ ನ್ಯಾಯಾಲಯ ಬೆಲೆ ಕೊಡುವುದಿಲ್ಲ. ಜಗಳ ಶುರುವಾದ ಮೇಲೆ ಗೂಟ ನೆಟ್ಟರೆ ಪ್ರಯೋಜನವಿಲ್ಲ.

2008ರ ಮೇ 23ರ ತೀರ್ಪು 12–4ರ ಬಹುಮತದಲ್ಲಿ ಬಂಡೆಯನ್ನು ಸಿಂಗಪುರಕ್ಕೆ ಕೊಟ್ಟಿತು. 0.6 ನಾಟಿಕಲ್ ಮೈಲಿ ದಕ್ಷಿಣದ ಮಿಡಲ್ ರಾಕ್ಸ್ ಎಂಬ ಬಂಡೆಗಳು ಮಲೇಷ್ಯಾದಲ್ಲೇ ಉಳಿದವು. ಏಕೆಂದರೆ ಜೊಹೋರಿನ ಮೂಲ ಹಕ್ಕನ್ನು ಅಳಿಸುವಂಥ ನಡವಳಿಕೆ ಅಲ್ಲಿರಲಿಲ್ಲ. ಬ್ರಿಟನ್ನಿನ ಪತ್ರಾಗಾರದಲ್ಲಿ ಸಿಕ್ಕ ದಾಖಲೆಗಳನ್ನಿಟ್ಟು 2017ರಲ್ಲಿ ಮಲೇಷ್ಯಾ ಮರುಪರಿಶೀಲನೆ ಕೇಳಿತು. ತೀರ್ಪಿನಿಂದ 10 ವರ್ಷದೊಳಗೆ, ಹೊಸ ಸಂಗತಿ ಸಿಕ್ಕ 6 ತಿಂಗಳೊಳಗೆ ಕೇಳಬೇಕೆಂಬುದು ನಿಯಮ. 2018ರ ಮೇನಲ್ಲಿ ಅರ್ಜಿ ಹಿಂತೆಗೆಯಿತು.

ವಿವಾದದಲ್ಲಿದ್ದ ಮೂರನೆಯ ಬಂಡೆ ಸೌತ್ ಲೆಡ್ಜ್ ಸಮುದ್ರದ ಇಳಿತದಲ್ಲಷ್ಟೇ ನೀರಿನ ಮೇಲೆ ಕಾಣುತ್ತದೆ. ಅದು ಯಾರ ಜಲಪ್ರದೇಶದಲ್ಲಿ ಬೀಳುತ್ತದೋ ಅವರದ್ದು ಎಂದಷ್ಟೇ ನ್ಯಾಯಾಲಯ ಹೇಳಿತು. ಎರಡೂ ದೇಶಗಳ ಜಲಪ್ರದೇಶ ಅಲ್ಲಿ ಒಂದರ ಮೇಲೊಂದು ಬರುತ್ತದೆ. ಗಡಿರೇಖೆ ಎಳೆಯುವ ಕೆಲಸವನ್ನು ನ್ಯಾಯಾಲಯಕ್ಕೆ ಯಾರೂ ವಹಿಸಿರಲಿಲ್ಲ.