ಮನೇಲಿ ಔಷಧಿ ಕೊಡೋರು ಯಾರು?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬಂದಿದ್ದರು. ಎರಡು ವರ್ಷದ ಮಗನಿಗೆ ಭೇದಿ. ಓಆರ್‌ಎಸ್ ಬರೆದೆ. ಜಿಂಕ್ 14 ದಿನ ತಪ್ಪದೆ ಕೊಡಿ, ಎರಡು ದಿನ ಬಿಟ್ಟು ಬನ್ನಿ ಎಂದೆ. ಅವರು ತಲೆಯಾಡಿಸಿದರು. ಬಂದದ್ದು ಆರನೇ ದಿನ. ಮಗು ತೀರಾ ಸೊರಗಿತ್ತು.

‘ಯಾಕಮ್ಮ ಇಷ್ಟು ತಡ?’

‘ಹುಳು ನಾಲ್ಕನೇ ಜ್ವರ ಎದ್ದಿದ್ವು ಡಾಕ್ಟ್ರೇ. ಸೊಪ್ಪು ಹಾಕೋರು ಯಾರು?’

ರೇಷ್ಮೆ ಸಾಕುವವರಿಗೆ ಇದು ಗೊತ್ತು. ಹುಳು ಮೇಯುವುದು ನಿಲ್ಲಿಸಿ ಪೊರೆ ಕಳಚುವುದಕ್ಕೆ ಅವರು ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಹುಳು ಹೆಚ್ಚುಕಡಿಮೆ ಒಂದು ವಾರ ಹಗಲು ರಾತ್ರಿ ಮೇಯುತ್ತದೆ. ಮನೆ ಬಿಟ್ಟು ಕದಲುವಂತಿಲ್ಲ. ಆ ತಾಯಿ ಮಗನನ್ನು ಕಡೆಗಣಿಸಿರಲಿಲ್ಲ. ಬರೋಕಾಗುತ್ತಾ ಅಂತ ನಾನು ಕೇಳಿರಲಿಲ್ಲ, ಅಷ್ಟೇ. ಕೇಳಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. ಊರಿನ ಆಶಾ ಕಾರ್ಯಕರ್ತೆ ನೋಡಿ ಫೋನ್ ಮಾಡುತ್ತಿದ್ದರು. ಕಣ್ಣು ಗುಳಿ ಬಿದ್ದರೆ, ಉಚ್ಚೆ ಕಡಿಮೆಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಏನೇ ಕೆಲಸವಿದ್ದರೂ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಬಹುದಿತ್ತು.

ಈಗ ಚೀಟಿ ಬರೆಯುವ ಮೊದಲೇ ಕೇಳುತ್ತೇನೆ: ಮನೇಲಿ ಔಷಧಿ ಕೊಡೋರು ಯಾರು? ಬಹಳ ಮನೆಗಳಲ್ಲಿ ಅದು ಅಜ್ಜಿ. ಬಾಗೇಪಲ್ಲಿ ಕಡೆಯ ಅಜ್ಜಿಯಾದರೆ ತೆಲುಗಲ್ಲೇ ಹೇಳಬೇಕು. ಹೇಳಿದ ಮೇಲೆ, ಎಷ್ಟು ಕೊಡ್ತೀರಿ ತೋರಿಸಿ ಅಂತ ಅಳತೆ ಮುಚ್ಚಳ ಅವರ ಕೈಗೇ ಕೊಡುತ್ತೇನೆ.

ಜ್ವರದ ಸಿರಪ್‌ನಲ್ಲಿ ಎಡವಟ್ಟು ಜಾಸ್ತಿ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ, ಇನ್ನೊಂದರಲ್ಲಿ 250 ಇರುತ್ತದೆ. ಹಸುಗೂಸಿನ ಹನಿ ಔಷಧಿಯಲ್ಲಿ 1 ಎಂಎಲ್‌ಗೇ 100. ಬಣ್ಣ, ರುಚಿ ಒಂದೇ ಥರ. ಡೋಸ್ ನಿಲ್ಲುವುದು ಮಗುವಿನ ತೂಕದ ಮೇಲೆ. ಅದಕ್ಕೇ ಮನೆಯಲ್ಲಿರುವ ಬಾಟಲಿಯನ್ನೇ ತನ್ನಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದು, ನಾಟಿ ಔಷಧಿ, ಎಲ್ಲ ಹೇಳಿ. ನಾವು ಡಾಕ್ಟರುಗಳು ಬೈಯುವುದನ್ನು ಬಿಡಬೇಕು. ಬೈದ ಕಡೆ ಜನ ಮುಚ್ಚಿಡುತ್ತಾರೆ, ಅಲ್ವಾ?

ನೀವು ಕಂಡದ್ದು ನನಗೆ ಕಾಣುವುದಿಲ್ಲ. ಫಿಟ್ಸ್ ಬಂದ ಮಗು ಇಲ್ಲಿಗೆ ಬರುವಷ್ಟರಲ್ಲಿ ಸುಮ್ನೆ ಮಲಗಿರುತ್ತದೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮನೆಯ ಇನ್ನೊಬ್ಬರು ಮೊಬೈಲಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿದರೆ ನನಗೆ ದೊಡ್ಡ ಸಹಾಯ.

ಆ ತಾಯಿ ಈಗಲೂ ಬರುತ್ತಾರೆ. ಹುಳು ಯಾವ ಜ್ವರದಲ್ಲಿದೆ ಅಂತ ಮೊದಲೇ ಹೇಳುತ್ತಾರೆ. ಅದನ್ನು ನೋಡಿಕೊಂಡು ಇಬ್ಬರೂ ಸೇರಿ ಮುಂದಿನ ದಿನ ಗೊತ್ತು ಮಾಡುತ್ತೇವೆ.